ಇಬ್ಬರು ಕುಳಿತು ಮಾತನಾಡುವಾಗ: ಸಿನಿಮ್ಯಾಟಿಕ್ ವಿನ್ಯಾಸವನ್ನು ಕಲಿಯುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮುಂತಾದ ಊರುಗಳ ಕಾಲೇಜುಗಳಲ್ಲಿಯೂ ತರಬೇತಿ ಕೇಂದ್ರಗಳಲ್ಲಿಯೂ ಆ್ಯನಿಮೇಷನ್, ವಿಎಫ್‌ಎಕ್ಸ್ ಮತ್ತು ವಿಡಿಯೋ ಗೇಮ್ ನಿರ್ಮಾಣವನ್ನು ಅಭ್ಯಾಸ ಮಾಡುತ್ತಿರುವ ತರುಣ ಮಿತ್ರರೇ,

ವೃತ್ತಿಯ ನಿಮಿತ್ತವಾಗಿ ನಿಮ್ಮಲ್ಲಿ ಅನೇಕರ ಷೋರೀಲ್‌ಗಳನ್ನು ನೋಡುವ ಅವಕಾಶ ನನಗೆ ಆಗಾಗ ಒದಗುತ್ತಿರುತ್ತದೆ. ಎರಡು ಮೂರು ನಿಮಿಷಗಳ ಆ ಚಿತ್ರಮಾಲೆಗಳಲ್ಲಿ ಹೊತ್ತಿ ಉರಿಯುವ ನಗರಗಳಿರುತ್ತವೆ; ಮೋಡವನ್ನು ಸೀಳಿಕೊಂಡು ಇಳಿಯುವ ನೌಕೆಗಳಿರುತ್ತವೆ; ಖಡ್ಗಧಾರಿಯಾಗಿ ಬೆಟ್ಟದ ತುದಿಯಲ್ಲಿ ನಿಂತ ವೀರನೊಬ್ಬನನ್ನು ಸುತ್ತಿ ಸುತ್ತಿ ಬರುವ ಕ್ಯಾಮೆರಾ ಇರುತ್ತದೆ. ಒಂದೊಂದು ಷಾಟ್ ರೆಂಡರ್ ಆಗುವುದಕ್ಕಾಗಿ ರಾತ್ರಿಯೆಲ್ಲ ಕಾದು ಕುಳಿತ ನಿಮ್ಮ ಶ್ರದ್ಧೆಯನ್ನೂ, ಹಳೆಯ ಕಂಪ್ಯೂಟರಿನಿಂದ ಅಷ್ಟನ್ನು ದುಡಿಸಿಕೊಂಡ ನಿಮ್ಮ ಜಾಣ್ಮೆಯನ್ನೂ ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಇಬ್ಬರು ಮನುಷ್ಯರು ಎದುರುಬದುರಾಗಿ ಕುಳಿತು ಮಾತನಾಡುವ, ಒಬ್ಬರ ಮಾತು ಇನ್ನೊಬ್ಬರ ಮುಖದ ಮೇಲೆ ಏನು ಮಾಡಿತು ಎಂಬುದನ್ನು ನೋಡಗೊಡುವ ಒಂದು ಸಾಧಾರಣ ದೃಶ್ಯ ಅವುಗಳಲ್ಲಿ ಬಹು ಅಪರೂಪ. ಈ ಪತ್ರವನ್ನು ಬರೆಯುವುದಕ್ಕೆ ಅದೇ ಕಾರಣ. ಸಿನಿಮ್ಯಾಟಿಕ್ ಡಿಸೈನರ್ ಎಂಬ ಹೆಸರಿನಿಂದ ನೀವು ಮಾಡಬಯಸುವ ಉದ್ಯೋಗದಲ್ಲಿ ದಿನದ ಬಹುಪಾಲು ಕಳೆಯುವುದು ಅಂಥ ದೃಶ್ಯಗಳ ಸಂಗಡವೇ. ಆ ಉದ್ಯೋಗದ ಗೌರವವೂ, ನನ್ನ ಅಭಿಪ್ರಾಯದಲ್ಲಿ, ಅಲ್ಲಿಯೇ ಇದೆ.

ವೃತ್ತಿಯ ನಿತ್ಯದ ರೂಪ ಇಂತಿರುತ್ತದೆ. ಲೇಖಕರು ಸಂಭಾಷಣೆಯನ್ನು ಬರೆದುಕೊಟ್ಟು, ನಟರು ಅದಕ್ಕೆ ತಮ್ಮ ಕಂಠವನ್ನೂ, ಅನೇಕ ವೇಳೆ ಮೋಷನ್ ಕ್ಯಾಪ್ಚರ್ ಉಡುಪನ್ನು ತೊಟ್ಟು ತಮ್ಮ ಅಂಗಾಂಗಗಳ ಚಲನೆಯನ್ನೂ ಒದಗಿಸಿದ ತರುವಾಯ, ಪಾತ್ರಗಳು ಎಲ್ಲಿ ನಿಲ್ಲಬೇಕು, ಯಾರು ಯಾರತ್ತ ಯಾವ ಕ್ಷಣದಲ್ಲಿ ಕಣ್ಣು ತಿರುಗಿಸಬೇಕು, ಕ್ಯಾಮೆರಾ ಎಷ್ಟು ದೂರದಿಂದ, ಎಷ್ಟು ಎತ್ತರದಿಂದ, ಯಾವ ಲೆನ್ಸಿನ ಮೂಲಕ ಅವರನ್ನು ಕಾಣಬೇಕು, ಒಂದು ಷಾಟ್ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಗಬೇಕು ಎಂಬುದನ್ನೆಲ್ಲ ಅನ್‌ರಿಯಲ್ ಇಂಜಿನ್ನಿನ ಸೀಕ್ವೆನ್ಸರ್‌ನಲ್ಲಿಯೋ ಅಂಥ ಮತ್ತೊಂದು ಸಾಧನದಲ್ಲಿಯೋ ಟೈಮ್‌ಲೈನಿನ ಮೇಲೆ ಜೋಡಿಸಿ ನಿರ್ಣಯಿಸತಕ್ಕವರು ನಾವು. ಚಲನಚಿತ್ರದಲ್ಲಿ ಪ್ರೀವಿಜ್ ಎಂದೂ ಲೇಔಟ್ ಎಂದೂ ಕರೆಯಲ್ಪಡುವ ವಿಭಾಗಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ ಕೆಲಸ. ಬರೆಹಕ್ಕೂ ಚಿತ್ರಕ್ಕೂ ನಡುವಣ ಹೊಸ್ತಿಲಿನಲ್ಲಿ ನಮ್ಮ ಮೇಜು ಇದೆ.

ಈ ಹೊಸ್ತಿಲು ಹೊಸದಾಗಿ ಕಟ್ಟಿದ್ದಲ್ಲ. ‘ಪಥೇರ್ ಪಾಂಚಾಲಿ’ಯನ್ನು ತೆಗೆಯಹೊರಟ ಸತ್ಯಜಿತ್ ರಾಯರ ಕೈಯಲ್ಲಿ ಕ್ರಮಬದ್ಧವಾದ ಚಿತ್ರಕಥೆ ಇರಲಿಲ್ಲ, ಇದ್ದದ್ದು ದೃಶ್ಯಾನುಕ್ರಮವಾಗಿ ತಾವೇ ಬರೆದ ಮಸಿಯ ಚಿತ್ರಗಳು. 1955ರಲ್ಲಿ ತೆರೆಗೆ ಬಂದ ಆ ಚಿತ್ರದ ಎಷ್ಟೋ ಷಾಟ್‌ಗಳು ಮೊದಲು ಆ ಕಾಗದದ ಮೇಲೆ ಹುಟ್ಟಿದ್ದವು. ಜಪಾನಿನ ಅಕಿರ ಕುರೊಸಾವಾ ‘ಕಾಗೆಮುಷಾ’ಕ್ಕೆ ಹಣ ದೊರೆಯದೆ ಕೈಕಟ್ಟಿ ಕೂಡಬೇಕಾದ ಕಾಲದಲ್ಲಿ ಇಡೀ ಚಿತ್ರವನ್ನೇ ವರ್ಣಚಿತ್ರಗಳಾಗಿ ಬರೆದಿಟ್ಟರು. ಜಾರ್ಜ್ ಲ್ಯೂಕಸ್ 1977ರ ‘ಸ್ಟಾರ್ ವಾರ್ಸ್’ನ ಆಕಾಶಯುದ್ಧವನ್ನು ತಮ್ಮ ಸಹೋದ್ಯೋಗಿಗಳಿಗೆ ಮನಗಾಣಿಸುವುದಕ್ಕಾಗಿ ಎರಡನೆಯ ಮಹಾಯುದ್ಧದ ವಿಮಾನಕಾಳಗಗಳ ಚಿತ್ರಸುರುಳಿಗಳನ್ನು ಕತ್ತರಿಸಿ ಜೋಡಿಸಿ ತೋರಿಸಿದರು. ಇಂದು ನೀವು ಮಾಯಾ ಸಾಫ್ಟ್‌ವೇರಿನಲ್ಲಿ ಬೂದುಬಣ್ಣದ ಗೊಂಬೆಗಳನ್ನು ನಿಲ್ಲಿಸಿ ಮಾಡುವ ಪ್ರೀವಿಜ್, ಇವರೆಲ್ಲರ ಆ ಅಭ್ಯಾಸದ ಮುಂದುವರಿಕೆ. ಇದನ್ನು ನೆನಪಿನಲ್ಲಿಟ್ಟುಕೊಂಡವರಿಗೆ ಸಾಫ್ಟ್‌ವೇರಿನ ಆವೃತ್ತಿ ಬದಲಾದೊಡನೆ ತಾವು ಕಲಿತ ವಿದ್ಯೆ ಹಳತಾಯಿತೆಂಬ ಭಯ ಹುಟ್ಟುವುದಿಲ್ಲ.

ಇಲ್ಲಿಯವರೆಗೆ ಚಲನಚಿತ್ರಕ್ಕೂ ವಿಡಿಯೋ ಗೇಮಿಗೂ ದಾರಿ ಒಂದೇ. ಆದರೆ ಮುಂದೆ ಒಂದು ಮಹತ್ತರವಾದ ಭೇದ ಎದುರಾಗುತ್ತದೆ. ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕರು ತಮ್ಮ ದೃಷ್ಟಿಯನ್ನು ಎರಡೂವರೆ ಗಂಟೆಗಳ ಕಾಲ ನಿರ್ದೇಶಕರಿಗೆ ತಾವಾಗಿಯೇ ಒಪ್ಪಿಸಿರುತ್ತಾರೆ. ಎತ್ತ ತೋರಿಸಿದರೆ ಅತ್ತ ನೋಡುವುದು ಅವರು ಮಾಡಿಕೊಂಡು ಬಂದಿರುವ ಒಪ್ಪಂದ. ಗೇಮ್ ಆಡುವವರ ಸ್ಥಿತಿ ಹಾಗಲ್ಲ. ಕ್ಯಾಮೆರಾ ಅವರ ಹೆಬ್ಬೆರಳಿನ ಕೆಳಗಿದೆ. ಕಾಡಿನೊಳಗೆ ನುಗ್ಗಲಿ, ಮರವನ್ನೇ ನೋಡುತ್ತ ನಿಲ್ಲಲಿ, ಹಿಂದಿರುಗಿ ಬಂದ ದಾರಿಯನ್ನು ಹುಡುಕಲಿ, ಆ ನೋಟ ಅವರದು. ನಾವು ಒಂದು ಕಟ್‌ಸೀನನ್ನು ಆರಂಭಿಸಿದೊಡನೆ ಆ ನೋಟವನ್ನು ಅವರ ಕೈಯಿಂದ ತೆಗೆದುಕೊಳ್ಳುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿರುಗಿಸುತ್ತೇವೆ, ನಿಜ. ಆದರೆ ತೆಗೆದುಕೊಳ್ಳುವುದಕ್ಕೆ ತಕ್ಕ ಕಾರಣವಿತ್ತೆ, ಹಿಂದಿರುಗಿಸುವಾಗ ಅವರು ಮೊದಲಿಗಿಂತ ಹೆಚ್ಚಾಗಿ ಏನನ್ನಾದರೂ ಕಂಡಿದ್ದಾರೆಯೆ, ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಲು ನಾವು ಬದ್ಧರು. ನನ್ನ ಮಟ್ಟಿಗೆ ಈ ವೃತ್ತಿಯ ಧರ್ಮವೆಲ್ಲ ಈ ಎರಡು ಪ್ರಶ್ನೆಗಳಲ್ಲಿ ಅಡಗಿದೆ.

ನಮಗಿಂತ ಹಿಂದಿನವರು ಈ ಪ್ರಶ್ನೆಗಳನ್ನು ಹೇಗೆ ಎದುರಿಸಿದರೆಂಬುದನ್ನು ಅಭ್ಯಸಿಸುವುದು ಬಹು ಫಲದಾಯಕ. 1984ರಲ್ಲಿ, ಇನ್ನೂ ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಜೋರ್ಡನ್ ಮೆಕ್ನರ್ ‘ಕರಾಟೆಕಾ’ ಎಂಬ ಗೇಮನ್ನು ಆ್ಯಪಲ್ 2 ಕಂಪ್ಯೂಟರಿಗಾಗಿ ರಚಿಸಿದಾಗ, ಕೋಟೆಯಲ್ಲಿ ಸೆರೆಯಾದ ಹೆಣ್ಣನ್ನೂ ಅವಳನ್ನು ಬಿಡಿಸಲು ಬರುತ್ತಿರುವ ನಾಯಕನನ್ನೂ ಪರ್ಯಾಯವಾಗಿ ತೋರಿಸುವ, ಮೂಕಿಚಿತ್ರಗಳ ಕಾಲದಿಂದ ಬಂದ ಸಂಕಲನಕ್ರಮವನ್ನು ಅದರಲ್ಲಿ ಬಳಸಿದರು. ಮುಂದೆ 1989ರ ‘ಪ್ರಿನ್ಸ್ ಆಫ್ ಪರ್ಷಿಯಾ’ಕ್ಕಾಗಿ ತಮ್ಮ ತಮ್ಮನನ್ನು ಓಡಿಸಿ, ನೆಗೆಯಿಸಿ, ಅದನ್ನು ವಿಡಿಯೋ ತೆಗೆದು, ಒಂದೊಂದು ಭಂಗಿಯನ್ನೂ ಪರದೆಯ ಮೇಲೆ ತಿದ್ದಿ ಬರೆದವರೂ ಅವರೇ. ಅತ್ಯಲ್ಪ ಸ್ಮೃತಿಯ ಆ ಯಂತ್ರಗಳಲ್ಲಿ ಒಂದು ಕಟ್ ಎಂದರೆ ದುಬಾರಿಯಾದ ವಸ್ತು. ಹಾಗಾಗಿ ಅರ್ಥವಿಲ್ಲದ ಕಟ್ ಅಲ್ಲಿ ಒಂದೂ ಸಿಕ್ಕುವುದಿಲ್ಲ. ಇಂದು ಕಟ್ ಅಗ್ಗವಾಗಿದೆ. ಆ ಮಿತವ್ಯಯವನ್ನು ಈಗ ನಾವಾಗಿಯೇ ಪಾಲಿಸಬೇಕು.

ಇದಕ್ಕೆ ತೀರ ವಿರುದ್ಧವಾದ ಮಾರ್ಗವನ್ನು ವಾಲ್ವ್ ಸಂಸ್ಥೆಯವರು 1998ರ ‘ಹಾಫ್ ಲೈಫ್’ನಲ್ಲಿ ಹಿಡಿದರು. ಆಡುವವರ ನೋಟವನ್ನು ನಾಯಕನ ಕಣ್ಣುಗಳಿಂದ ಎಂದಿಗೂ ಹೊರತೆಗೆಯಕೂಡದೆಂಬುದು ಅವರು ಹಾಕಿಕೊಂಡ ಕಟ್ಟಳೆ. ಆರಂಭದಲ್ಲಿ ನಾಯಕನು ನೆಲದಡಿಯ ಪ್ರಯೋಗಶಾಲೆಯೊಳಕ್ಕೆ ಒಂದು ಟ್ರಾಮಿನಲ್ಲಿ ಪಯಣಿಸುತ್ತಾನೆ. ಹಲವಾರು ನಿಮಿಷಗಳ ಆ ಪಯಣದಲ್ಲಿ ಆಡುವವರು ಬಂಡಿಯೊಳಗೆ ಓಡಾಡಬಹುದು, ಎಡದ ಕಿಟಕಿಯಿಂದಲೋ ಬಲದ ಕಿಟಕಿಯಿಂದಲೋ ನೋಡಬಹುದು, ಏನನ್ನೂ ನೋಡದೆಯೂ ಇರಬಹುದು. ಆದರೂ ಬಹುಮಂದಿ, ವಿನ್ಯಾಸಕರು ಬಯಸಿದ್ದನ್ನೇ ನೋಡುತ್ತಾರೆ. ಏಕೆಂದರೆ ಕತ್ತಲೆಯಲ್ಲಿ ಬೆಳಕು ಬಿದ್ದ ಕಡೆಗೂ, ಸ್ತಬ್ಧತೆಯಲ್ಲಿ ಚಲನೆಯುಳ್ಳ ಕಡೆಗೂ, ಸದ್ದು ಬಂದ ದಿಕ್ಕಿಗೂ ಮನುಷ್ಯನ ಕಣ್ಣು ತಾನಾಗಿಯೇ ಹೊರಳುತ್ತದೆ. ಕ್ಯಾಮೆರಾವನ್ನು ಮುಟ್ಟದೆಯೇ ದೃಷ್ಟಿಯನ್ನು ನಡೆಸುವ ಈ ಕೌಶಲವನ್ನು ಕಲಿಯದ ಸಿನಿಮ್ಯಾಟಿಕ್ ಡಿಸೈನರ್ ಅರ್ಧ ವಿದ್ಯೆಯಲ್ಲಿಯೇ ನಿಂತ ಹಾಗೆ.

ಈ ಎರಡು ಮಾರ್ಗಗಳ ನಡುವೆ ಎಷ್ಟೋ ಸೂಕ್ಷ್ಮವಾದ ಸಂಧಿಗಳು ಸಾಧ್ಯ. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 2013ರ ‘ದಿ ಲಾಸ್ಟ್ ಆಫ್ ಅಸ್’ನಲ್ಲಿ ಬರುತ್ತದೆ. ರೋಗದಿಂದ ಹಾಳುಬಿದ್ದ ನಗರವೊಂದರಲ್ಲಿ, ದೀರ್ಘ ಯಾತ್ರೆಯ ಕೊನೆಯ ಭಾಗದಲ್ಲಿ, ಮಗಳನ್ನು ಕಳೆದುಕೊಂಡ ನಡುವಯಸ್ಸಿನ ಜೋಯೆಲ್‌ನೂ ‘ಎಲ್ಲಿ’ ಎಂಬ ಹದಿಹರೆಯದ ಹುಡುಗಿಯೂ ಒಂದು ಕಟ್ಟಡದ ಮೇಲಿನಿಂದ ಜಿರಾಫೆಗಳ ಹಿಂಡನ್ನು ಕಾಣುತ್ತಾರೆ. ಕಥೆ ಅಲ್ಲಿ ಆಡುವವರನ್ನು ಅವಸರಪಡಿಸುವುದಿಲ್ಲ. ಕಟಾಂಜನಕ್ಕೆ ಒರಗಿ ನಿಂತು ನೋಡಬಹುದು; ನೋಡುವಷ್ಟು ಹೊತ್ತು ಆ ಹುಡುಗಿ ಪಕ್ಕದಲ್ಲಿಯೇ ನಿಂತಿರುತ್ತಾಳೆ; ಸಾಕೆನಿಸಿದಾಗ ಮಾತ್ರ ಆಡುವವರು ತಾವಾಗಿಯೇ ಮುಂದುವರಿಯುತ್ತಾರೆ. ಷಾಟ್ ಎಷ್ಟು ಉದ್ದವಿರಬೇಕೆಂಬ ನಿರ್ಧಾರ ಸಂಕಲನಕಾರನ ಅಧಿಕಾರಗಳಲ್ಲಿ ಅತ್ಯುಚ್ಚವಾದದ್ದು. ಅದನ್ನೇ ಇಲ್ಲಿ ವಿನ್ಯಾಸಕರು ಆಡುವವರ ಕೈಗೆ ಒಪ್ಪಿಸಿಬಿಟ್ಟರು. ಮುಂದಿನ ಹೆಜ್ಜೆ ಇಟ್ಟರೆ ಈ ನೆಮ್ಮದಿ ಮುಗಿದುಹೋಗುತ್ತದೆಂಬ ಅರಿವು ಆಡುವವರಿಗೂ ಇರುತ್ತದೆ, ಜೋಯೆಲ್‌ನಿಗೂ ಇರುತ್ತದೆ. ಅಲ್ಲಿ ನಿಂತು ತಡಮಾಡುವವರು ಅವನ ಅಂತರಂಗವನ್ನೇ ಅಭಿನಯಿಸುತ್ತಿದ್ದಾರೆ. ಪ್ರೇಕ್ಷಕರನ್ನು ಹೀಗೆ ಪಾತ್ರದ ಒಳಕ್ಕೆ ಕರೆದುಕೊಳ್ಳುವ ಶಕ್ತಿ ಚಲನಚಿತ್ರಕ್ಕೆ ಇಲ್ಲ. ಚಲನಚಿತ್ರವನ್ನು ಆರಾಧಿಸುವ ನಾನು ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ.

2018ರ ‘ಗಾಡ್ ಆಫ್ ವಾರ್’ ಮತ್ತೊಂದು ದೊಡ್ಡ ಪಾಠ. ನಿರ್ದೇಶಕ ಕೋರಿ ಬಾರ್ಲಾಗ್ ಅದರ ಆದಿಯಿಂದ ಅಂತ್ಯದವರೆಗೆ ಒಂದೇ ಒಂದು ಕಟ್ ಇಲ್ಲದಂತೆ, ಕ್ಯಾಮೆರಾ ಒಮ್ಮೆಯೂ ಕಣ್ಣು ಮುಚ್ಚದಂತೆ ಕಥೆಯನ್ನು ನಡೆಸಿದರು. ಹಿಚ್‌ಕಾಕ್ 1948ರ ‘ರೋಪ್’ನಲ್ಲಿ ಹತ್ತು ನಿಮಿಷಗಳಷ್ಟು ಮಾತ್ರ ಓಡುವ ಫಿಲ್ಮ್ ಸುರುಳಿಗಳನ್ನು ಹಲವೆಡೆ ನಟರ ಕೋಟಿನ ಬೆನ್ನಿನ ಕಪ್ಪಿನಲ್ಲಿ ಬೆಸೆದು ಇಂಥದೊಂದು ಭ್ರಮೆಯನ್ನು ಕಲ್ಪಿಸಿದ್ದರು. ಗೇಮಿನಲ್ಲಿ ಫಿಲ್ಮ್ ಮುಗಿಯುವ ಬಾಧೆಯಿಲ್ಲ, ಬೇರೆ ಬಾಧೆಗಳಿವೆ. ನಟನೊಬ್ಬನ ಒಂದು ಮಾತು ಸೊಗಸಾಗಿ ಬಂದು ಮುಂದಿನದು ಕೆಟ್ಟರೆ, ಕೋನ ಬದಲಿಸಿ ಎರಡು ಟೇಕ್‌ಗಳನ್ನು ಹೊಲಿಯುವ ಉಪಾಯ ಅಲ್ಲಿ ನಡೆಯದು. ಹೀಗಿದ್ದೂ ಅವರು ಆ ಕಷ್ಟವನ್ನು ಏಕೆ ಕೈಗೊಂಡರು? ಆ ಕಥೆ ಕೋಪಿಷ್ಠನಾದ ತಂದೆ ಕ್ರೇಟೋಸನಿಗೂ ಅವನ ಮಗ ಅಟ್ರಿಯಸನಿಗೂ ನಡುವಣ ಮೌನದ ಕಥೆ. ತಂದೆಯು ಮಗನ ಹೆಗಲಿನತ್ತ ಕೈ ನೀಡಿ, ಮುಟ್ಟಲಾರದೆ, ಹಿಂದೆಗೆದುಕೊಳ್ಳುವಾಗ, ನಾವು ಬೇರೆಡೆಗೆ ನೋಟವನ್ನು ತಿರುಗಿಸಿ ಪಾರಾಗುವಂತಿಲ್ಲ. ತಂತ್ರವು ಭಾವದ ಸೇವಕನಾಗಿ ಬಂದಾಗ ಹೀಗಿರುತ್ತದೆ. ಅದೇ ಗೇಮಿನಲ್ಲಿ ತಂದೆಮಕ್ಕಳು ದೋಣಿಯಲ್ಲಿ ಕುಳಿತು ಮಾತನಾಡುತ್ತಾರೆ, ಆ ಹೊತ್ತಿನಲ್ಲಿ ಹುಟ್ಟು ಹಾಕುತ್ತಿರುವುದು ಆಡುವವರ ಕೈ. ಕಟ್‌ಸೀನ್ ಎಂಬುದೇ ಇಲ್ಲದೆ ಅದೆಷ್ಟು ಸಂಭಾಷಣೆಗಳು ಅಲ್ಲಿ ಸಂದುಹೋಗುತ್ತವೆಯೆಂಬುದನ್ನು ಒಮ್ಮೆ ಗಮನವಿಟ್ಟು ನೋಡಿರಿ.

ಇಬ್ಬರು ಮಾತನಾಡುವ ದೃಶ್ಯ ಸುಲಭವೆಂದು ನೀವು ಭಾವಿಸಿದ್ದರೆ, ಅದರ ಒಳಗನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ನಾನು ದುಡಿದ ಗೇಮೊಂದರಲ್ಲಿ ಒಬ್ಬ ಮುದುಕ ಅಂಬಿಗನಿದ್ದ. ಆಡುವವರು ಹೊಳೆ ದಾಟಿಸೆಂದು ಕೇಳುತ್ತಾರೆ. ಅವನು ಈ ಹೊತ್ತಿನಲ್ಲಿ ದೋಣಿ ಬಿಡುವುದಿಲ್ಲ ಎನ್ನುತ್ತಾನೆ. ಅವನ ಮಗಳು ಅದೇ ಹೊಳೆಯ ಪಾಲಾದವಳು; ಆ ಸಂಗತಿ ಬಹಳ ಮುಂದೆ, ಬೇರೊಂದು ಸಂದರ್ಭದಲ್ಲಿ ಹೊರಬೀಳತಕ್ಕದ್ದು. ಬರೆಹದಲ್ಲಿ ಇದ್ದದ್ದು ಒಂದು ನಿರಾಕರಣೆ ಮಾತ್ರ. ಆಗ ನಾವು ಮಾಡಿದ ನಿಶ್ಚಯವೇನೆಂದರೆ, ಅಂಬಿಗನಿರುವ ಪ್ರತಿಯೊಂದು ಫ್ರೇಮಿನಲ್ಲಿಯೂ ಅವನ ಬೆನ್ನ ಹಿಂದೆ ಹೊಳೆ ಕಾಣುತ್ತಿರಬೇಕು, ಆದರೆ ಅವನ ಕಣ್ಣು ಮಾತ್ರ ಒಮ್ಮೆಯೂ ಆ ಕಡೆಗೆ ಹೋಗಕೂಡದು. ಹಗ್ಗ ಸುತ್ತುತ್ತಾನೆ, ದೋಣಿಯ ಅಂಚನ್ನು ಒರೆಸುತ್ತಾನೆ, ಎದುರಿಗೆ ನಿಂತವರ ಪಾದಗಳನ್ನು ನೋಡುತ್ತಾನೆ. ಆಡುವವರು ಮೂರು ಉತ್ತರಗಳಲ್ಲಿ ಒಂದನ್ನು ಆರಿಸಬಹುದು: ಹಣದ ಆಸೆ ತೋರಿಸಬಹುದು, ಗದರಿಸಬಹುದು, ಇಲ್ಲವೆ ಏಕೆಂದು ಕೇಳಬಹುದು. ಗದರಿಸಿದರೆ ಮುಂದಿನ ಷಾಟ್ ದೂರದಿಂದ, ಅಗಲವಾದ ಲೆನ್ಸಿನಿಂದ ಬರುತ್ತದೆ. ಮುದುಕ ಆ ದಂಡೆಯ ಮೇಲೆ ಚಿಕ್ಕವನಾಗಿ, ಇನ್ನಷ್ಟು ಒಂಟಿಯಾಗಿ ಕಾಣುತ್ತಾನೆ. ಏಕೆಂದು ಕೇಳಿದರೆ ಮಾತ್ರ ಕ್ಯಾಮೆರಾ ಹತ್ತಿರ ಹೋಗುವ ಹಕ್ಕನ್ನು ಪಡೆಯುತ್ತದೆ. 85 ಮಿಲಿಮೀಟರಿನ ಲೆನ್ಸಿನಲ್ಲಿ ಅವನ ಮುಖ, ಹಿಂದೆ ಹೊಳೆ ಮಸುಕಾದ ಹೊಳಪು ಮಾತ್ರವಾಗಿ. ಕಂಠದಾನ ಮಾಡಿದ ಹಿರಿಯ ನಟರು ಉತ್ತರಕ್ಕೆ ಮುನ್ನ ಒಂದು ಉಸಿರನ್ನು ಒಳಗೆಳೆದುಕೊಂಡು ಅರೆಕ್ಷಣ ತಡೆದಿದ್ದರು. ಕಟ್ ಮಾತಿನ ಮೇಲೆ ಬರಬೇಕೋ ಉಸಿರಿನ ಮೇಲೆ ಬರಬೇಕೋ ಎಂಬ ಚರ್ಚೆ ನಮ್ಮ ತಂಡದಲ್ಲಿ ಒಂದು ಮಧ್ಯಾಹ್ನವೆಲ್ಲ ನಡೆಯಿತು. ಕಡೆಗೆ ಉಸಿರು ಗೆದ್ದಿತು. ಅಂತರ ಹತ್ತು ಹನ್ನೆರಡು ಫ್ರೇಮುಗಳಷ್ಟೆ. ಆದರೆ ಆ ಮನುಷ್ಯ ಏನನ್ನೋ ಮರೆಮಾಚುತ್ತಿದ್ದಾನೆಂಬ ಸಂಶಯ ಹುಟ್ಟುವುದು ಆ ಹತ್ತು ಹನ್ನೆರಡು ಫ್ರೇಮುಗಳಲ್ಲಿಯೇ.

ಚಲನಚಿತ್ರದ ನಿರ್ದೇಶಕರಾಗಿದ್ದರೆ ಇಷ್ಟಕ್ಕೆ ಮುಗಿಯುತ್ತಿತ್ತು. ನಮಗೆ ಇಲ್ಲಿಂದ ಮುಂದೆ ಇನ್ನೊಂದು ಸರಣಿ ಆರಂಭವಾಗುತ್ತದೆ. ಆಡುವವರು ಅಂಬಿಗನ ಬಳಿಗೆ ಹಗಲಿನಲ್ಲಿ ಬಂದಾರು, ನಡುರಾತ್ರಿಯಲ್ಲಿ ಬಂದಾರು. ಹಣೆಯಿಂದ ಗಲ್ಲದವರೆಗೆ ಮುಚ್ಚುವ ಶಿರಸ್ತ್ರಾಣವನ್ನು ಧರಿಸಿ ಬಂದಾರು, ಹಾಗೆ ಬಂದರೆ ಅವರ ಪಾತ್ರದ ಮುಖವನ್ನು ತೋರಿಸುವುದೆಂತು? ಕೋನ ಬದಲಾದೊಡನೆ ಗಾಳಿಗೆ ಹಾರುತ್ತಿದ್ದ ಬಟ್ಟೆಯೂ ಕೂದಲೂ ಒಂದು ಕ್ಷಣ ನಡುಗಿಬಿಡುತ್ತವೆ, ಏಕೆಂದರೆ ಅವುಗಳ ಚಲನೆಯನ್ನು ಇಂಜಿನ್ನು ಆಗಿಂದಾಗ್ಗೆ ಲೆಕ್ಕಹಾಕುತ್ತಿರುತ್ತದೆ, ಅದನ್ನು ಮರೆಸಬೇಕು. ಸೆಕೆಂಡಿಗೆ 60 ಫ್ರೇಮುಗಳನ್ನು ಒದಗಿಸುವ ಗೇಮಿನಲ್ಲಿ ಒಂದು ಫ್ರೇಮಿಗೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು, ನಿಮ್ಮ ಮನೋಹರವಾದ ದೀಪವಿನ್ಯಾಸವೂ ಅಷ್ಟರೊಳಗೆ ಮುಗಿಯಬೇಕು. ಬೆಲ್ಜಿಯಂ ದೇಶದ ಲಾರಿಯನ್ ಸಂಸ್ಥೆಯು 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ರಲ್ಲಿ 174 ಗಂಟೆಗಳಷ್ಟು ಸಿನಿಮ್ಯಾಟಿಕ್ ದೃಶ್ಯಗಳಿವೆಯೆಂದು ಅದರ ನಿರ್ಮಾಪಕರೇ ಪ್ರಕಟಿಸಿದರು. ಅದರಲ್ಲಿ ಆಡುವವರು ಕುಳ್ಳರ ಕುಲದವರಾಗಿಯೂ ಇರಬಹುದು, ಆಳೆತ್ತರವನ್ನು ಮೀರಿದ ಡ್ರ್ಯಾಗನ್ ಕುಲದವರಾಗಿಯೂ ಇರಬಹುದು. ಒಂದೇ ಸಂಭಾಷಣೆ ಇಬ್ಬರಿಗೂ ಸಲ್ಲಬೇಕು, ಇಬ್ಬರಲ್ಲಿಯೂ ಕಣ್ಣಿಗೆ ಕಣ್ಣು ಕೂಡಬೇಕು. ಆ 174 ಗಂಟೆಗಳಲ್ಲಿ ಎಷ್ಟೋ ಭಾಗ ಯಾವುದೇ ಒಬ್ಬ ಆಟಗಾರರ ಕಣ್ಣಿಗೆ ಎಂದೂ ಬೀಳದು, ಏಕೆಂದರೆ ಅವರು ಆ ದಾರಿಯನ್ನು ಆರಿಸಿಯೇ ಇರುವುದಿಲ್ಲ. ಆದರೂ ಅದನ್ನು ಅಷ್ಟೇ ಪ್ರೀತಿಯಿಂದ ಯಾರೋ ಕಟ್ಟಿದ್ದಾರೆ. ಆ ಯಾರೋ ಒಬ್ಬರ ಬಗೆಗೆ ನನಗೆ ಅಪಾರವಾದ ಗೌರವ.

ಇಷ್ಟು ಅಗಾಧ ಪ್ರಮಾಣದ ಕೆಲಸವನ್ನು ಕೈಯಿಂದಲೇ ಮಾಡಲು ಬಾರದೆಂದು ಯಂತ್ರದ ನೆರವನ್ನು ಪಡೆಯುವುದು ಈಗಿನ ಸುದ್ದಿಯಲ್ಲ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯವರು 2015ರ ‘ದಿ ವಿಚರ್ 3’ಕ್ಕಾಗಿ ಒಂದು ಸಾಧನವನ್ನು ನಿರ್ಮಿಸಿಕೊಂಡಿದ್ದರು, ಸಂಭಾಷಣೆಯನ್ನು ಕೊಟ್ಟರೆ ಅದು ಕ್ಯಾಮೆರಾಗಳನ್ನೂ ಕೈಸನ್ನೆಗಳನ್ನೂ ನೋಟಗಳನ್ನೂ ತಾನಾಗಿಯೇ ಇಟ್ಟು ದೃಶ್ಯದ ಮೊದಲ ಕರಡನ್ನು ಸಿದ್ಧಪಡಿಸುತ್ತಿತ್ತು, ಬಳಿಕ ವಿನ್ಯಾಸಕರು ಅದನ್ನು ತಿದ್ದಿ, ಹಲವೆಡೆ ಅಳಿಸಿ, ಹೊಸದಾಗಿ ಕಟ್ಟುತ್ತಿದ್ದರು. ಕೃತಕ ಬುದ್ಧಿಮತ್ತೆಯ ಈ ದಿನಗಳಲ್ಲಿ ನಿಮ್ಮ ಉದ್ಯೋಗವೇನಾದೀತೆಂದು ನೀವು ಕೇಳುತ್ತಿರುತ್ತೀರಿ. ಮಾತಾಡುವವನನ್ನು ಮಾತಾಡುವಾಗ ತೋರಿಸುವುದು, ಆಮೇಲೆ ಇನ್ನೊಬ್ಬನನ್ನು ತೋರಿಸುವುದು, ಇಷ್ಟೇ ನಿಮ್ಮ ವಿದ್ಯೆಯಾದರೆ ಆ ಕೆಲಸ ಒಂದು ದಶಕದ ಹಿಂದೆಯೇ ಯಂತ್ರದ ವಶವಾಗಿದೆ. ಹೊಳೆಯನ್ನು ನೋಡದಿರುವ ಅಂಬಿಗನ ಕಣ್ಣುಗಳನ್ನು ನಿರ್ಧರಿಸಬಲ್ಲವರಿಗೆ ಕೆಲಸ ಇದ್ದೇ ಇದೆ, ಏಕೆಂದರೆ ಆ ನಿರ್ಧಾರಕ್ಕೆ ಆಧಾರ ಸಂಭಾಷಣೆಯಲ್ಲಿ ಎಲ್ಲಿಯೂ ಇರಲಿಲ್ಲ.

ಕ್ಯಾಮೆರಾಕ್ಕೆ ತೂಕವಿರಬೇಕೆಂಬ ಇನ್ನೊಂದು ಮಾತನ್ನು ಇಲ್ಲಿಯೇ ಹೇಳುತ್ತೇನೆ. ಕಂಪ್ಯೂಟರಿನೊಳಗಿನ ಕ್ಯಾಮೆರಾ ಗೋಡೆಯನ್ನು ತೂರಿಹೋಗುತ್ತದೆ, ಗಾಳಿಯಲ್ಲಿ ತೇಲುತ್ತದೆ, ಬಳಲುವುದಿಲ್ಲ. ಅದರಿಂದಲೇ ಅದರ ಚಲನೆ ಅನೇಕ ವೇಳೆ ಯಾರ ನೋಟವೂ ಅಲ್ಲದಂತೆ ತೋರುತ್ತದೆ. 2019ರ ‘ದಿ ಲಯನ್ ಕಿಂಗ್’ ಚಿತ್ರದಲ್ಲಿ, ನಿರ್ದೇಶಕ ಜಾನ್ ಫಾವ್ರೋ ಹೇಳಿರುವಂತೆ, ನಿಜವಾದ ಕ್ಯಾಮೆರಾದಿಂದ ತೆಗೆದ ಷಾಟ್ ಒಂದೇ ಒಂದು. ಮಿಕ್ಕದ್ದೆಲ್ಲ ಕಂಪ್ಯೂಟರಿನ ಸೃಷ್ಟಿ. ಆದರೂ ಛಾಯಾಗ್ರಾಹಕ ಕ್ಯಾಲೆಬ್ ಡೆಶಾನೆಲ್ ಅವರಿಗಾಗಿ ಒಂದು ಬರಿದಾದ ಕೋಣೆಯಲ್ಲಿ ನಿಜವಾದ ಡಾಲಿಯನ್ನೂ ಕ್ಯಾಮೆರಾದ ಹಿಡಿಗಳನ್ನೂ ಸಿದ್ಧಪಡಿಸಲಾಯಿತು. ಅವರು ಅವುಗಳನ್ನು ತಳ್ಳಿ ತಿರುಗಿಸಿದಂತೆಲ್ಲ ಕಾಲ್ಪನಿಕ ಆಫ್ರಿಕದ ಬಯಲಿನಲ್ಲಿದ್ದ ಕಾಲ್ಪನಿಕ ಕ್ಯಾಮೆರಾ ಚಲಿಸಿತು. ಮೈಭಾರವನ್ನು ಹೊತ್ತು ತಳ್ಳುವ ಕೈಯಲ್ಲಿ ತುಸು ವಿಳಂಬವಿರುತ್ತದೆ, ಎದುರಿಗಿರುವ ಪ್ರಾಣಿ ಎತ್ತ ಹೊರಳೀತೋ ಎಂಬ ಸಣ್ಣ ಅನಿಶ್ಚಯವಿರುತ್ತದೆ. ನೋಡುವವರು ಅದನ್ನು ಹೆಸರಿಸಲಾರರು, ಆದರೆ ಅಲ್ಲಿ ಒಬ್ಬ ಮನುಷ್ಯ ನಿಂತಿದ್ದಾನೆಂದು ನಂಬುತ್ತಾರೆ. ಆ ಚಿತ್ರದ ದೃಶ್ಯಪರಿಣಾಮಗಳಲ್ಲಿ ನಮ್ಮ ಬೆಂಗಳೂರಿನ ಸ್ಟೂಡಿಯೋ ಒಂದರಲ್ಲಿ ದುಡಿದ ಕಲಾವಿದರ ಪಾಲೂ ಇದೆ. ಕೀಫ್ರೇಮುಗಳಿಂದ ಕ್ಯಾಮೆರಾವನ್ನು ಓಡಿಸುವ ಮೊದಲು ನಿಮ್ಮ ಮೊಬೈಲನ್ನೇ ಕೈಯಲ್ಲಿ ಹಿಡಿದು ಆ ಷಾಟನ್ನು ನಡೆದು ನೋಡಿರಿ.

ಇನ್ನು ಬೆಳಕಿನ ಮಾತು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಕಲಿತ ವಿ.ಕೆ. ಮೂರ್ತಿಯವರ ಹೆಸರನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರೋ ಅರಿಯೆ. ಗುರುದತ್ತರ 1959ರ ‘ಕಾಗಜ್ ಕೆ ಫೂಲ್’ನಲ್ಲಿ, ಬರಿದಾದ ಸ್ಟೂಡಿಯೋ ಒಂದರಲ್ಲಿ, ಪರಸ್ಪರ ಪ್ರೀತಿಸುವ ಆದರೆ ಕೂಡಲಾರದ ಇಬ್ಬರು ದೂರ ದೂರ ನಿಂತಿರುತ್ತಾರೆ, ಅವರ ನಡುವೆ ಮೇಲಿನಿಂದ ಒಂದು ಬೆಳಕಿನ ಕಂಬ ಓರೆಯಾಗಿ ಇಳಿದಿದೆ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಒಳಕ್ಕೆ ಪ್ರತಿಫಲಿಸಿ ಮೂರ್ತಿಯವರು ಅದನ್ನು ಸಾಧಿಸಿದರು. ಆ ದೃಶ್ಯದಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಆಡುವ ಮಾತಿಲ್ಲ. ಬೆಳಕೇ ಅವರ ಸಂಭಾಷಣೆ, ಅವರ ಅಂತರವೂ ಅದೇ. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ ಆ ಗೌರವವನ್ನು ಪಡೆದ ಮೊದಲ ಛಾಯಾಗ್ರಾಹಕರು ಅವರಾದರು. ಇಂದು ಇಂಜಿನ್ನಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಧೂಳಿನ ಕಣಗಳ ಸಮೇತ ಅಂಥ ಬೆಳಕಿನ ಕಂಬ ಬಂದು ನಿಲ್ಲುತ್ತದೆ, ಮತ್ತು ನಿಮ್ಮ ಷೋರೀಲ್‌ಗಳ ಅರಮನೆ ಗುಹೆಗಳಲ್ಲೆಲ್ಲ ಅದು ನಿಂತಿರುವುದನ್ನು ಕಂಡಿದ್ದೇನೆ. ಅದನ್ನು ಇಬ್ಬರ ನಡುವೆ ನಿಲ್ಲಿಸಿದವರನ್ನು ಇನ್ನೂ ಕಂಡಿಲ್ಲ. ಕಾಣಬೇಕೆಂಬ ಆಸೆ ತುಂಬ ಇದೆ.

ಆದುದರಿಂದ ನನ್ನ ಕೋರಿಕೆ ಇಷ್ಟು. ಮುಂದಿನ ಷೋರೀಲಿನಲ್ಲಿ ಇಬ್ಬರು ಮಾತನಾಡುವ ಒಂದು ದೃಶ್ಯವಿರಲಿ, ಮತ್ತು ಅದು ಕನ್ನಡದಲ್ಲಿರಲಿ. ಎಲ್ಲ ಅಭ್ಯಾಸಗಳನ್ನೂ ಇಂಗ್ಲಿಷ್ ಸಂಭಾಷಣೆಗಳ ಮೇಲೆ ಮಾಡುವುದರಿಂದ, ಪರಭಾಷೆಯ ಮಾತಿನಲ್ಲಿ ಒತ್ತು ಎಲ್ಲಿ ಬೀಳುತ್ತದೆ, ಸುಳ್ಳು ಎಲ್ಲಿ ಅಡಗಿದೆ ಎಂಬುದು ಕಿವಿಗೆ ಪೂರ್ತಿ ತಿಳಿಯದೆ, ನೀವು ಕಟ್‌ಗಳನ್ನು ವ್ಯಾಕರಣದ ವಿರಾಮಗಳ ಮೇಲೆ ಇಟ್ಟುಬಿಡುತ್ತೀರಿ. ನಿಮ್ಮ ಅಜ್ಜಿ ನಿಮ್ಮ ತಾಯಿಯೊಡನೆ ಜಗಳವಾಡದೆಯೇ ಮುನಿಸನ್ನು ತಿಳಿಸುವ ಬಗೆಯನ್ನು ನೀವು ಬಲ್ಲಿರಿ. ಮಾತು ಮುಗಿದ ಮೇಲೂ ಪಾತ್ರೆಯನ್ನು ತೊಳೆಯುವ ಕೈ ಹೇಗೆ ಮುಂದುವರಿಯುತ್ತದೆಂಬುದನ್ನು ಬಲ್ಲಿರಿ. ಅದನ್ನು ಧ್ವನಿಮುದ್ರಿಸಿಕೊಂಡು, ಬೂದು ಗೊಂಬೆಗಳಿಗೆ ಕೂಡಿಸಿ, ಸಂಗೀತವಿಲ್ಲದೆ ದೃಶ್ಯವನ್ನು ಕಟ್ಟಿರಿ. ಮಾತಾಡುವವರಿಗಿಂತ ಕೇಳುವವರ ಮುಖವನ್ನು ಹೆಚ್ಚಾಗಿ ತೋರಿಸಿರಿ. ಮುಂದಿನ ಷಾಟಿನ ಧ್ವನಿ ಚಿತ್ರಕ್ಕಿಂತ ಮೊದಲೇ ಬಂದರೆ ಏನಾಗುತ್ತದೆ, ಹಿಂದಿನ ಷಾಟಿನ ಧ್ವನಿ ಉಳಿದು ಬಂದರೆ ಏನಾಗುತ್ತದೆ ಎಂಬುದನ್ನು ಪ್ರಯೋಗಿಸಿರಿ. ಇಬ್ಬರ ನಡುವಣ ಗೆರೆಯನ್ನು ಕ್ಯಾಮೆರಾ ದಾಟಬಾರದೆಂಬ 180 ಡಿಗ್ರಿಯ ನಿಯಮವನ್ನು ಮೊದಲು ಪಾಲಿಸಿ, ಸಂಬಂಧ ಕಡಿದುಬೀಳುವ ಒಂದೇ ಒಂದು ಮಾತಿನಲ್ಲಿ ಮುರಿದು ನೋಡಿರಿ.

ಪಾತ್ರಪ್ರವೇಶವನ್ನು ಕಲಿಯುವುದಕ್ಕೆ ಯಕ್ಷಗಾನವೊಂದನ್ನು ಬೆಳಗಿನವರೆಗೆ ಕುಳಿತು ನೋಡಿರೆಂದು ನನ್ನ ಬಳಿ ಬಂದವರಿಗೆಲ್ಲ ಹೇಳುತ್ತೇನೆ. ಬಣ್ಣದ ವೇಷವು ತೆರೆಯ ಮರೆಯಲ್ಲಿಯೇ ಎಷ್ಟೋ ಹೊತ್ತು ಕುಣಿದು, ಆರ್ಭಟಿಸಿ, ಸಭಿಕರ ನಿರೀಕ್ಷೆಯನ್ನು ತುತ್ತತುದಿಗೆ ಏರಿಸಿದ ಮೇಲೆ ಕಾಣಿಸಿಕೊಳ್ಳುವ ಕ್ರಮದಲ್ಲಿ, ನಮ್ಮ ಗೇಮುಗಳ ಎಷ್ಟೋ ಖಳನಾಯಕರು ಪಡೆಯದ ಘನತೆ ಇದೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಸಣ್ಣ ತಂಡವು 2020ರಲ್ಲಿ ಹೊರತಂದ ‘ರಾಜಿ’ಯಲ್ಲಿ ಕಥಾಭಾಗಗಳನ್ನು ನೆರಳುಗೊಂಬೆಯಾಟದ ರೀತಿಯಲ್ಲಿ ನಿರೂಪಿಸಲಾಯಿತು. ತೊಗಲುಗೊಂಬೆ ನಮ್ಮ ನಾಡಿನಲ್ಲಿ ಇನ್ನೂ ಜೀವಂತವಾಗಿದೆ. ಅದನ್ನು ಆಡಿಸುವವರ ಪಕ್ಕದಲ್ಲಿ ಕುಳಿತು ಕಲಿಯುವ ಭಾಗ್ಯ ನಿಮಗೆ ಸಮೀಪದಲ್ಲಿಯೇ ಇದೆ.

ಇನ್ನು ಜೀವನೋಪಾಯದ ವಿಷಯ. ನಮ್ಮ ನಾಡಿಗೆ ಈ ಉದ್ಯಮ ಹೊಸತಲ್ಲ. ಧ್ರುವ ಇಂಟರ್ಯಾಕ್ಟಿವ್ ಬೆಂಗಳೂರಿನಲ್ಲಿ 1997ರಷ್ಟು ಹಿಂದೆಯೇ ಗೇಮ್ ನಿರ್ಮಾಣದ ಕೆಲಸವನ್ನು ಕೈಗೊಂಡಿತು; ಆ್ಯನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಒಂದು ಪ್ರತ್ಯೇಕ ನೀತಿಯನ್ನು ಕರ್ನಾಟಕ ಸರ್ಕಾರ 2012ರಲ್ಲಿ ಪ್ರಕಟಿಸಿತು. ಕೆಲಸ ದೊರೆಯುತ್ತದೆ, ಆದರೆ ಬಹುಭಾಗ ಹೊರಗಿನವರ ಕಥೆಗಳಿಗೆ ಸೇವೆ ಸಲ್ಲಿಸುವ ಕೆಲಸ, ಮತ್ತು ಅದು ಎಷ್ಟು ಅಸ್ಥಿರವೆಂಬುದಕ್ಕೆ ಒಂದು ನಿದರ್ಶನವನ್ನು ನೀವು ತಿಳಿದಿರಬೇಕು. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ ರಿದಮ್ ಆ್ಯಂಡ್ ಹ್ಯೂಸ್ ಸಂಸ್ಥೆಯು 2013ರ ಫೆಬ್ರವರಿಯಲ್ಲಿ ದಿವಾಳಿಯೆಂದು ನ್ಯಾಯಾಲಯದ ಮುಂದೆ ಅರ್ಜಿ ಸಲ್ಲಿಸಿತು. ಅದೇ ತಿಂಗಳ ಕೊನೆಯಲ್ಲಿ ಆ ಹುಲಿಗೇ ಆಸ್ಕರ್ ಪ್ರಶಸ್ತಿ ಬಂದಿತು. ಮುಂಬಯಿ ಹೈದರಾಬಾದುಗಳಲ್ಲಿಯೂ ಆ ಸಂಸ್ಥೆಯ ಸ್ಟೂಡಿಯೋಗಳಿದ್ದವು. ಅಷ್ಟು ದೊಡ್ಡ ಯಶಸ್ಸು ಕೂಡ ಅದನ್ನು ಮಾಡಿದವರ ತಿಂಗಳ ಸಂಬಳವನ್ನು ಕಾಪಾಡಲಿಲ್ಲ.

ಆದಕಾರಣ ನೇಮಕದ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ವಿಷಯಗಳನ್ನು ಸೌಜನ್ಯದಿಂದ, ಆದರೆ ಹಿಂಜರಿಯದೆ, ಕೇಳಿ ತಿಳಿದುಕೊಳ್ಳಿರಿ. ಬಿಡುಗಡೆಗೆ ಮುಂಚಿನ ತಿಂಗಳುಗಳಲ್ಲಿ ರಾತ್ರಿ ಹಗಲೆನ್ನದೆ ದುಡಿಸಿದ ವೇಳೆಗೆ ಸಂಭಾವನೆಯೋ ರಜೆಯೋ ಇದೆಯೆ? ಗೇಮ್ ಅಥವಾ ಚಿತ್ರ ಪೂರ್ಣಗೊಳ್ಳುವ ಮೊದಲು ನೀವು ಸಂಸ್ಥೆಯನ್ನು ಬಿಟ್ಟರೂ ಕ್ರೆಡಿಟ್ಸ್‌ನಲ್ಲಿ ನಿಮ್ಮ ಹೆಸರು ಉಳಿಯುತ್ತದೆಯೆ, ಅಥವಾ ಹೊರಗುತ್ತಿಗೆಯ ಕೆಲಸವೆಂದು ಸಂಸ್ಥೆಯ ಹೆಸರನ್ನಷ್ಟೇ ಹಾಕಿ ನಿಮ್ಮದನ್ನು ಕೈಬಿಡುತ್ತಾರೆಯೆ? ಮಾಡಿದ ದೃಶ್ಯವನ್ನು, ಅದು ಜನರ ಮುಂದೆ ಬಂದ ಮೇಲೆ, ನಿಮ್ಮ ಷೋರೀಲಿನಲ್ಲಿ ಸೇರಿಸಿಕೊಳ್ಳಲು ಅನುಮತಿಯಿದೆಯೆ? ಉತ್ತರಗಳನ್ನು ಬಾಯಿಮಾತಿನಲ್ಲಿ ಬಿಡದೆ ಬರೆಹದಲ್ಲಿ ಪಡೆಯಿರಿ. ಕೇಳಿದ್ದಕ್ಕಾಗಿ ಕೆಲಸ ತಪ್ಪೀತೆಂಬ ಅಂಜಿಕೆ ಇದ್ದರೆ, ಒಬ್ಬೊಬ್ಬರೇ ಕೇಳದೆ ನಿಮ್ಮ ತರಗತಿಯವರೆಲ್ಲ ಸೇರಿ, ನೇಮಕಕ್ಕೆಂದು ಕಾಲೇಜಿಗೆ ಬರುವ ಪ್ರತಿಯೊಂದು ಸಂಸ್ಥೆಯನ್ನೂ ಇವೇ ಮೂರು ಪ್ರಶ್ನೆಗಳನ್ನು ಕೇಳಿರಿ. ಹತ್ತು ಕಡೆಗಳಲ್ಲಿ ಇದೇ ಪ್ರಶ್ನೆ ಎದುರಾದರೆ ಹನ್ನೊಂದನೆಯವರು ಉತ್ತರವನ್ನು ಸಿದ್ಧಪಡಿಸಿಕೊಂಡೇ ಬರುತ್ತಾರೆ.

ಇತಿ,
ನಿಮ್ಮ ವೃತ್ತಿಯ ಹಿರಿಯ ಸಹೋದ್ಯೋಗಿ